ಹರ್ಷದಾಳ ಪಕ್ಕದ ಕುರ್ಚಿ

ಜಮಖಂಡಿ
೯ ಏಪ್ರಿಲ್ ೨೦೨೫

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಧನಶ್ರೀಯ ಜೈ ಜಿನೇಂದ್ರ. ನೀವು ತೇರದಾಳದಿಂದ ಕಳಿಸಿದ ಅರಿಷಿಣ ಪುಡಿ ಹೋಳಿ ಹುಣ್ಣಿಮೆಗೆ ಮೊದಲೇ ಬಂದು ಮುಟ್ಟಿತು. ಉತ್ತರ ಬರೆಯಲು ಇಷ್ಟು ತಡ ಮಾಡಿದೆ, ಸಿಟ್ಟಾಗಬೇಡಿ. "ಕಾಗದ ಯಾಕ, ಫೋನ್ ಮಾಡಾಕ ಏನಾಗೈತಿ ಆಕಿಗೆ?" ಎಂದು ವೈನಿ ಅಂದೇ ಅಂದಿರುತ್ತಾರೆ. ಏನು ಮಾಡಲಿ, ಫೋನಿನಲ್ಲಿ ಎದುರಿನವರು ಸುಮ್ಮನಾದರೆ ಅವರ ಮಾತು ಮುಗಿಯಿತೋ ಇನ್ನೂ ಇದೆಯೋ ನನಗೆ ತಿಳಿಯುವುದೇ ಇಲ್ಲ. ಅಣ್ಣನಿಗೂ ವೈನಿಗೂ ನಮಸ್ಕಾರ ಹೇಳಿ. ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಹೊಲಕ್ಕೆ ನಡೆದುಕೊಂಡೇ ಹೋಗುತ್ತೀರೆಂದು ಅಣ್ಣ ಬರೆದಿದ್ದ. ಬೈಕಿನ ಹಿಂದೆ ಕೂತು ಹೋದರೆ ಮರ್ಯಾದೆ ಕಮ್ಮಿಯಾಗುವುದಿಲ್ಲ, ಅಪ್ಪಾಜಿ.

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಹರ್ಷದಾ ಪಾಸಾದಳು!

ಯಾವ ಹರ್ಷದಾ ಎನ್ನುತ್ತೀರಿ. "ನಿಮ್ಮ ಮಗಳು ಅಲ್ಲಿ ಬಾಯಾರ್ ಆಗ್ಯಾಳೋ, ಆಯಾ ಆಗ್ಯಾಳೋ?" ಎಂದು ಓಣಿಯವರು ಕೇಳುತ್ತಾರೆ, ಏನು ಹೇಳಬೇಕೋ ತಿಳಿಯುವುದಿಲ್ಲ ಎಂದು ನೀವು ಬರೆದಿದ್ದಿರಿ. ಶಿಕ್ಷಕಿಯೂ ಅಲ್ಲ, ಆಯಾನೂ ಅಲ್ಲ. ಇಲ್ಲಿಯ ವೃತ್ತಿ ತರಬೇತಿ ಕೇಂದ್ರದಲ್ಲಿ ತಿಂಡಿ ತಿನಿಸು ತಯಾರಿಸುವುದನ್ನು ಕಲಿಸುವ ಒಂದು ತರಗತಿ ಇದೆ. ಅದರಲ್ಲಿ ಆಟಿಸಂ ಇರುವ ಕೆಲವು ಹುಡುಗ ಹುಡುಗಿಯರೂ ಓದುತ್ತಾರೆ. ಎಲ್ಲರೂ ಹದಿನೆಂಟು ದಾಟಿದವರು. ಆಟಿಸಂ ಎಂದರೆ ರೋಗವಲ್ಲ. ನಮಗೆ ಸಣ್ಣದಾಗಿ ಕೇಳುವ ಸದ್ದು ಅವರ ಕಿವಿಗೆ ದೊಡ್ಡದಾಗಿ ಬಡಿಯಬಹುದು. ಮನಸ್ಸಿನಲ್ಲಿ ಸಿದ್ಧವಾಗಿರುವ ಮಾತು ಗಂಟಲಲ್ಲೇ ನಿಂತುಬಿಡಬಹುದು. ಅಂಥವರ ಜೊತೆಗಿದ್ದು ಅವರ ಓದಿಗೆ ನೆರವಾಗುವುದನ್ನು ನಾನು ಸಣ್ಣ ಸಂಬಳದ ಮೇಲೆ ಈ ವರ್ಷವಿಡೀ ಕಲಿಯುತ್ತಿದ್ದೇನೆ. ಕಲಿಸುವವರು ಇಂದಿರಾಬಾಯಿ. ಬಾಯಿ ತುಂಬ ಮರಾಠಿ, ಕನ್ನಡ ಎರಡೂ ಇರುವ, ತರಗತಿಯಲ್ಲಿ ಮಾತ್ರ ಬಹಳ ಕಡಿಮೆ ಮಾತಾಡುವ ಹೆಂಗಸು.

ಮೊದಲ ದಿನ ಅವರು ಹರ್ಷದಾಳ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಹೇಳಿದರು: "ಇದು ನಿನ್ನ ಜಾಗಾ. ಆಕಿ ಕೇಳಿದ್ರ ಸಹಾಯ ಮಾಡು. ಕೇಳದಿದ್ರ ಸುಮ್ನ ಕುಂದ್ರು. ಸುಮ್ನ ಕುಂದ್ರೂದ ಭಾಳ ಮಂದಿಗೆ ಬರೂದಿಲ್ಲ ನೋಡು."

ನನಗೆ ಅದು ಬರುತ್ತದೆಂದು ನಿಮಗೆ ಗೊತ್ತೇ ಇದೆ.

ಹರ್ಷದಾಳಿಗೆ ಇಪ್ಪತ್ತು ವರ್ಷ. ಮುಧೋಳದವಳು. ಅವಳ ಅಪ್ಪ ಕೃಷ್ಣಾಜಿ ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮಗಳನ್ನು ಕರೆತಂದು ಬಿಟ್ಟು ಹೋಗುತ್ತಾರೆ. ಹಾರ್ನ್ ಜೋರಾದರೆ ಅವಳು ಎರಡೂ ಕಿವಿ ಮುಚ್ಚಿಕೊಂಡು ಗುಂಯ್ಗುಡುತ್ತಾಳೆ. ಜಡೆ ಮುಟ್ಟಿದರೆ ಆಗುವುದಿಲ್ಲ. ಬೆಲ್ಲದ ಹೊಸ ಪೆಂಟಿ ಬಂದರೆ ಮೊದಲು ಅವಳೇ ಮೂಸಿ ನೋಡಬೇಕು. ಮಾತು ಬಹಳ ಕಡಿಮೆ. ಅದಕ್ಕೇ ಹೋದ ವರ್ಷ ಫೇಲಾದಳು. ಬರವಣಿಗೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಮೌಖಿಕ ಪರೀಕ್ಷೆಯಲ್ಲಿ ಬಾಯಿ ಬಿಡಲಿಲ್ಲ. ಎದುರಿಗೇ ಕುಳಿತಿದ್ದವಳನ್ನು ಪರೀಕ್ಷಕರು ಗೈರುಹಾಜರು ಎಂದು ಬರೆದುಕೊಂಡು ಹೋದರಂತೆ.

ಈ ವರ್ಷ ಕೃಷ್ಣಾಜಿ ಇಂದಿರಾಬಾಯಿಯವರಿಗೆ ಖಡಾಖಂಡಿತ ಹೇಳಿದ್ದರು: "ಇದೊಂದ್ ಸಲ ನೋಡ್ತೇನ್ರಿ ಬಾಯಾರ. ಮತ್ತ ಹಂಗ ಆತಂದ್ರ ಮನ್ಯಾಗ ಇರ್ಲಿ. ಕಾಜಾ ಗುಂಡಿ ಹಚ್ಚಕೋಂತ ಕುಂದರ್ತಾಳ. ಹುಡುಗಿ ಬಂದು ಬಂದು ಸೋಲೂದು ನನಗ ನೋಡಾಕ ಆಗೂದಿಲ್ಲ." ಅವರು ಕಟುಕರಲ್ಲ ಅಪ್ಪಾಜಿ. ದಣಿದಿದ್ದರು.

ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರೆಲ್ಲ ಅವಳನ್ನು ಮಾತಾಡಿಸಲು ನೋಡಿದ್ದರಂತೆ. ಊಟ ಆಯಿತೇ, ಯಾಕೆ ಮಾತಾಡುವುದಿಲ್ಲ, ನನ್ನ ಮುಖ ನೋಡು ಎಂದು. ನಾನು ಒಂದು ಬುಟ್ಟಿ ಹುರಿದ ಶೇಂಗಾ ತಂದು ನಡುವೆ ಇಟ್ಟೆ. ಇಬ್ಬರೂ ಸಿಪ್ಪೆ ತಿಕ್ಕುತ್ತ ಕೂತೆವು. ಹಲವು ದಿನ ಅಷ್ಟೇ. ನನಗೆ ಎಷ್ಟು ಹಿತವಾಗಿತ್ತೆಂದರೆ ಸಂಬಳ ಕೊಡುವುದು ಇದಕ್ಕೇನಾ ಎಂದು ನಾಚಿಕೆಯಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ತನ್ನ ಶೇಂಗಾವನ್ನೆಲ್ಲ ನನ್ನ ಬಟ್ಟಲಿಗೆ ಸುರಿದು, ಬುಟ್ಟಿಯ ಕಡೆಗೇ ನೋಡುತ್ತ, "ಶೇಂಗಾಶ್ರೀ" ಎಂದಳು. ಆಮೇಲೆ ತನ್ನ ಜೋಕಿಗೆ ತಾನೇ ನಕ್ಕಳು. ನಗು ನಿಲ್ಲಲೇ ಇಲ್ಲ. ನನಗೂ ನಿಲ್ಲಲಿಲ್ಲ. ಈಗ ಕೇಂದ್ರದ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ನಾನು ಶೇಂಗಾಶ್ರೀಯೇ. ನೀವು ಕಾಗದ ಬರೆಯುವಾಗ ಆ ಹೆಸರು ಹಾಕಿದರೂ ಬಂದು ಮುಟ್ಟುತ್ತದೆ.

ಪರೀಕ್ಷೆಗೆ ಮುಂಚೆ ಇಂದಿರಾಬಾಯಿ ಓಡಾಡಿ ಒಂದು ಅನುಮತಿ ತಂದರು. ಬಾಯಲ್ಲಿ ಹೇಳಲಾಗದ್ದನ್ನು ಅವಳು ಬರೆದೋ ಮಾಡಿಯೋ ತೋರಿಸಬಹುದು, ಆದರೆ ಪರೀಕ್ಷಕರು ಒಪ್ಪಬೇಕು. ನಾವು ನಾಟಕದ ಹಾಗೆ ರೂಢಿ ಮಾಡಿದೆವು. ಇಂದಿರಾಬಾಯಿ ಕೃಷ್ಣಾಜಿಯವರ ಅರ್ಧ ಹೊಲಿದ ಕೋಟು ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಟ್ಟು ಪರೀಕ್ಷಕರಾದರು. ಗಂಭೀರವಾಗಿ ಪ್ರಶ್ನೆ ಕೇಳುತ್ತ ಕೈ ಎತ್ತಿದ್ದೇ ತಡ, ಬರೀ ಟಾಕಾ ಹೊಲಿಗೆ ಹಾಕಿದ್ದ ಕೋಟಿನ ತೋಳು ಕಳಚಿ ಮೇಜಿನ ಮೇಲೆ ಬಿತ್ತು. ಹರ್ಷದಾ ಆ ತೋಳನ್ನು ಎತ್ತಿ ಮಡಚಿ ಅವರ ಕೈಗೇ ಕೊಟ್ಟಳು. ಆ ದಿನ ಮುಂದೆ ಅಭ್ಯಾಸ ಆಗಲಿಲ್ಲ.

ಪರೀಕ್ಷೆಯ ದಿನ ಬಂದ ಪರೀಕ್ಷಕರು ಹೊರಗಿನವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರು ಕೇಳಿದ ಮೊದಲ ಪ್ರಶ್ನೆ ಸರಳವಾಗಿಯೇ ಇತ್ತು: "ಚಿಕ್ಕಿ ಮಾಡೂಮುಂದ ಬೆಲ್ಲದ ಪಾಕ ಹದಕ್ಕ ಬಂತಂತ ಹೆಂಗ ತಿಳೀತೈತವ್ವಾ?"

ಹರ್ಷದಾ ಸುಮ್ಮನಿದ್ದಳು. ಅವರು ಇನ್ನೊಮ್ಮೆ ಕೇಳಿದರು. ಮೇಲೆ ಫ್ಯಾನು ಕಿರ್ರ್ ಎನ್ನುತ್ತಿತ್ತು. ಅದು ಅವಳ ಕಿವಿ ಕೊರೆಯುತ್ತಿದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ನನ್ನ ಕಿವಿಯನ್ನೂ ಕೊರೆಯುತ್ತಿತ್ತು. ಎದ್ದು ಹೋಗಿ ಬಂದ್ ಮಾಡಿದೆ. ಕಾಗದ, ಪೆನ್ನು ಮುಂದಿಟ್ಟರು. ಅವಳು ಮುಟ್ಟಲಿಲ್ಲ. ಪರೀಕ್ಷಕರು ಮರುಕದಿಂದ ನನ್ನ ಕಡೆ ತಿರುಗಿದರು.

"ನೀವರ ಹೇಳಿಬಿಡ್ರಿ. ಆಕಿ ಪರವಾಗಿ ಬರಕೋತೇನಿ."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವಳು ಆ ಕ್ಷಣಕ್ಕೇ ಪಾಸಾಗುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಕೃಷ್ಣಾಜಿ ಹೇಳಿರಿ, ಹೇಳಿರಿ ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಆದರೆ ಪಾಸಾಗುವುದು ಯಾರು, ಅಪ್ಪಾಜಿ? ಅವಳೋ, ನಾನೋ? ನಾನೆಂದೆ: "ಆಕಿಗೆ ಬರ್ತೈತ್ರೀ ಸರ್. ಸ್ವಲ್ಪ ತಡೀರಿ."

ಆಗ ಹರ್ಷದಾ ಎದ್ದು ಕೋಣೆಯಿಂದ ಹೊರಗೆ ಹೋಗಿಬಿಟ್ಟಳು.

ಕೃಷ್ಣಾಜಿ ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕುಸಿದರು. ನಾನು ಅವಳ ಹಿಂದೆ ಓಡಬೇಕೆಂದಿದ್ದೆ. ಇಂದಿರಾಬಾಯಿ ಬೇಡ ಎಂದು ಕೈ ಸನ್ನೆ ಮಾಡಿದರು. ನಾನು ಉಳಿಸಿದ ಮರ್ಯಾದೆ ಯಾರದು, ಅವಳಿಗೆ ಇದರಿಂದ ಸಿಕ್ಕಿದ್ದು ಕಾಜಾ ಗುಂಡಿಯೇ ಎಂದು ಅಳು ಬಂತು.

ಅಷ್ಟರಲ್ಲಿ ಅಡುಗೆ ಕೋಣೆಯಲ್ಲಿ ಗ್ಯಾಸ್ ಹತ್ತಿದ ಸದ್ದಾಯಿತು. ಆಮೇಲೆ ಬೆಲ್ಲ ಕರಗುವ ವಾಸನೆ. ಪರೀಕ್ಷಕರೇ ಮೊದಲು ಎದ್ದರು. ನಾವೆಲ್ಲ ಅವರ ಹಿಂದೆ ಹೋದೆವು. ಹರ್ಷದಾ ಬಾಣಲೆ ಮುಂದೆ ನಿಂತು ಸೌಟು ಆಡಿಸುತ್ತಿದ್ದಳು. ಒಂದು ಹನಿ ಪಾಕ ನೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಹೊಸೆದಳು. ಮೆತ್ತಗಿತ್ತು. ತಲೆ ಅಲ್ಲಾಡಿಸಿದಳು. ಮತ್ತೆ ಕುದಿಸಿದಳು. ಇನ್ನೊಂದು ಹನಿ ನೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ಎತ್ತಿ ಸ್ಟೀಲಿನ ತಾಟಿಗೆ ಹಾಕಿದಳು.

ಟಣ್ ಎಂದಿತು.

"ಕೇಳಿತ್ರಿ?" ಎಂದಳು ಹರ್ಷದಾ, ತಾಟನ್ನೇ ನೋಡುತ್ತ.

"ಇನ್ನೊಮ್ಮೆ ಕೇಳಸು," ಎಂದರು ಪರೀಕ್ಷಕರು. ಅವಳು ಇನ್ನೊಮ್ಮೆ ಕೇಳಿಸಿದಳು.

"ಈಗ ಬಂತ್ರಿ ಹದಕ್ಕ."

ಅವರು ಮಗುವಿನ ಹಾಗೆ ನಕ್ಕರು. ಉಳಿದ ಪ್ರಶ್ನೆಗಳನ್ನು ಅಲ್ಲೇ ಒಲೆಯ ಪಕ್ಕ ನಿಂತು ಕೇಳಿದರು. ಅವಳು ಕೆಲವಕ್ಕೆ ಒಂದೊಂದು ಮಾತು ಹೇಳಿದಳು, ಕೆಲವನ್ನು ಮಾಡಿ ತೋರಿಸಿದಳು. ಕುದಿಸಿದ ಪಾಕ ಕೆಡಬಾರದೆಂದು ಶೇಂಗಾ ಸುರಿದು, ಲಟ್ಟಿಸಿ, ಕೊಯ್ದು ಚಿಕ್ಕಿ ಮಾಡಿಯೇ ಬಿಟ್ಟಳು. ಅದು ಆರುವ ತನಕ ಪರೀಕ್ಷಕರನ್ನು ಹೋಗಗೊಡಲಿಲ್ಲ. ಅವರಿಗೂ ಹೋಗುವ ಮನಸ್ಸಿರಲಿಲ್ಲ.

ಮೊನ್ನೆ ಫಲಿತಾಂಶ ಬಂತು. ಕೃಷ್ಣಾಜಿ ಕೊರಳಲ್ಲಿದ್ದ ಟೇಪು ತೆಗೆದು, ಮಗಳನ್ನು ಮುಟ್ಟದಂತೆ ದೂರದಿಂದಲೇ ಅಳತೆ ಹಿಡಿದರು. "ಕೆಲಸಕ್ಕ ಹೋಗಾಕ ಏಪ್ರನ್ ಬೇಕಲ್ಲ," ಎಂದರು. ಬನಹಟ್ಟಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದು ಚಿಕ್ಕಿ ತಯಾರಿಸುತ್ತದೆ. ಅಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಶುರುವಿಗೆ ನಾನೂ ಜೊತೆಗೆ ಹೋಗುತ್ತೇನೆ. ದಿನ ಕಳೆದಂತೆ ಕುರ್ಚಿಯನ್ನು ಸ್ವಲ್ಪ ಸ್ವಲ್ಪ ಹಿಂದೆ ಸರಿಸಬೇಕು, ಒಂದು ದಿನ ಬಾಗಿಲಾಚೆ ಇಡಬೇಕು ಎನ್ನುತ್ತಾರೆ ಇಂದಿರಾಬಾಯಿ. ಈ ಕೆಲಸ ಸರಿಯಾಗಿ ಕಲಿತವರು ಕೊನೆಗೆ ಬೇಡವಾಗುತ್ತಾರಂತೆ. ಕೇಳಿ ನನಗೆ ಖುಷಿಯೇ ಆಯಿತು.

ಚಿಕ್ಕಿಯ ಒಂದು ಡಬ್ಬಿ ಕಳಿಸುತ್ತಿದ್ದೇನೆ. ನಿಮ್ಮ ಹಲ್ಲಿಗೆ ಗಟ್ಟಿಯಾದರೆ ಹಾಲಲ್ಲಿ ನೆನೆಸಿ ತಿನ್ನಿ. ನನ್ನ ಊಟ, ನಿದ್ದೆ, ಕೋಣೆ ಎಲ್ಲ ಚೆನ್ನಾಗಿವೆ. ನಾನು ಸುಖವಾಗಿದ್ದೇನೆ ಎಂದು ಈ ಸಲ ನಿಮ್ಮ ಸಮಾಧಾನಕ್ಕೆ ಬರೆಯುತ್ತಿಲ್ಲ, ಖರೇನೇ ಬರೆಯುತ್ತಿದ್ದೇನೆ. ನನಗೂ ಹರ್ಷದಾಳಿಗೂ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಮಗಳು,
ಧನಶ್ರೀ

ತಾ.ಕ.: ಇದನ್ನು ಮೊದಲೇ ಬರೆಯಬೇಕೆಂದಿದ್ದೆ, ಕೈ ಓಡಲಿಲ್ಲ. ಹೋದ ತಿಂಗಳು ಇಂದಿರಾಬಾಯಿ ನನ್ನನ್ನು ಧಾರವಾಡದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಹರ್ಷದಾಳ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಡಾಕ್ಟರು ಬಹಳ ಹೊತ್ತು ಮಾತಾಡಿ, ಮತ್ತೆ ಮತ್ತೆ ಕರೆಸಿ ನೋಡಿ ಹೇಳಿದರು, ನನಗೂ ಆಟಿಸಂ ಇದೆ, ಹುಟ್ಟಿದಾಗಿನಿಂದ. ಬೀಳಗಿಯ ಆ ಮನೆಯವರು "ಈಕಿ ಮಂದ್ಯಾಗ ಬೆರಿಯೂದಿಲ್ಲ, ಮಾರಿ ನೋಡಿ ಮಾತಾಡೂದಿಲ್ಲ, ಭಾಳ ಸೊಕ್ಕ ಐತಿ" ಎಂದು ಮದುವೆಯಾದ ವರ್ಷವೇ ನನ್ನನ್ನು ನಮ್ಮ ಬಾಗಿಲಿಗೆ ತಂದು ಬಿಟ್ಟಾಗ, ನೀವು ಅವರ ಮುಂದೆ ಕೈ ಮುಗಿದು "ತಪ್ಪಾತ್ರೀ, ನಮಗ ಬೆಳಸಾಕ ಬರಲಿಲ್ಲ" ಎಂದಿರಿ. ಅವರು ಬಿಟ್ಟು ಹೋದದ್ದಕ್ಕಿಂತ ಆ ಮಾತೇ ನನಗೆ ಇವತ್ತಿಗೂ ನೋಯುತ್ತದೆ. ಅದು ಸೊಕ್ಕಲ್ಲ, ಅಪ್ಪಾಜಿ. ನೀವು, ಅವ್ವ ನನ್ನನ್ನು ಚೆನ್ನಾಗಿಯೇ ಬೆಳೆಸಿದ್ದೀರಿ. ಅವತ್ತು ನೀವು ಕೈ ಮುಗಿಯಬೇಕಾಗಿರಲಿಲ್ಲ.