ಹಾರ ಹಾಕಿದ ಕೈ

ಬ್ಯಾಡಗಿ
12 ಮಾರ್ಚ್ 2025

ಪ್ರೀತಿಯ ಸುಚಿತ್ರಕ್ಕಾ,

ಹೇಗಿದ್ದೀಯಾ? ರಾಣೆಬೆನ್ನೂರಿನ ಹೊಸ ಮನೆ ಒಗ್ಗಿತಾ? ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಬೇಜಾರಾಗಬೇಡ. ಟೈಪ್ ಮಾಡುವುದು, ಅಳಿಸುವುದು, ಅದೇ ಆಯಿತು. ಅದಕ್ಕೇ ಈ ಕಾಗದ. ಇದರಲ್ಲಿ ಬ್ಲೂ ಟಿಕ್ ಇಲ್ಲ, ಓದಿದೆಯೋ ಇಲ್ಲವೋ ಅಂತ ನಾನು ನೋಡುತ್ತ ಕೂರಬೇಕಾಗಿಲ್ಲ.

ನಿನ್ನ ಚಾನೆಲ್ಲಿಗೆ ಮೊದಲ ಫ್ಯಾನ್ ನಾನೇ ಅಲ್ಲವಾ? ನಿಮ್ಮ ಗೋದಾಮಿಗೆ ಮೆಣಸಿನಕಾಯಿ ತೊಟ್ಟು ತೆಗೆಯುವ ಮಶೀನ್ ಬಂದ ದಿನ ಹಾಕಿದ ರೀಲಿಗೂ ಮೊದಲ ಹಾರ್ಟ್ ನನ್ನದೇ. ‘ನಮ್ಮ ಬ್ಯಾಡಗಿ ಬೆಳೀತಿದೆ’ ಅಂತ ಬರೆದಿದ್ದೆ. ಓಣಿಯ ಗ್ರೂಪಿಗೆಲ್ಲ ಕಳಿಸಿದೆ. ಅದರಲ್ಲಿ ಮಶೀನಿಗೆ ಹಾರ ಹಾಕುವವಳು ನಮ್ಮ ಅಮ್ಮಿ. ಎಲ್ಲರಿಗಿಂತ ಹಳೆಯ ಕೆಲಸದವಳು ಅಂತ ನಿಮ್ಮ ಅಪ್ಪ ಕಲ್ಲೇಶ ಕಾಕಾ ಅವಳ ಕೈಯಿಂದಲೇ ಹಾಕಿಸಿದರು. ಹೆಂಗಸರಿಗೆಲ್ಲ ಸೀರೆ ಕೊಟ್ಟರು.

ಮರುದಿನ ಅಮ್ಮಿ ಅದೇ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಗೇಟಿನಲ್ಲಿ ವಾಚ್‌ಮನ್ ದುರುಗೇಶ ತಡೆದನಂತೆ.

“ಮುಮ್ತಾಜಕ್ಕ, ನಿಮಗ ಯಾರೂ ಹೇಳಿಲ್ಲೇನ್ರಿ? ಇನ್ನ ನಿಮಗ ಕೆಲಸ ಇಲ್ರಿ, ಅದಕ್ಕ ಸೀರಿ ಕೊಟ್ಟಾರಲ್ರಿ.”

ಮನೆಗೆ ಬಂದು ಬುತ್ತಿ ಬಿಚ್ಚಿ ನನ್ನ ಜೊತೆಗೇ ಊಟ ಮಾಡಿದಳು. ಅವಳ ಜೊತೆ ತೊಟ್ಟು ಬಿಡಿಸುತ್ತಿದ್ದ ಮೈಲವ್ವ ಬಂದು, ಹಾರ ಮಶೀನಿಗಲ್ಲ, ನಮ್ಮ ಫೋಟೋಗಳಿಗೆ ಹಾಕಬೇಕಿತ್ತು ಅಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ.

ಆಮೇಲೆ ತಾನೇ ನಾನು ನಿನಗೆ ಮೆಸೇಜ್ ಮಾಡಿದ್ದು, ಬಣ್ಣ ನೋಡಿ ಕಾಯಿ ಬೇರೆ ಮಾಡುವ ಕೆಲಸವಾದರೂ ಅಮ್ಮಿಗೆ ಕೊಡಿಸು ಅಂತ. ‘ಗೋದಾಮಲ್ಲಿ ಕಷ್ಟ ಕಣೇ, ನಮ್ಮ ಹೊಸ ಮನೇಲಿ ಪಾತ್ರೆ ತೊಳೆಯೋಕೆ ಜನ ಬೇಕು, ಬರ್ತಾರಾ ಕೇಳು’ ಅಂತ ನೀನು ಬರೆದೆ. ಕೈ ಮುಗಿದ ಇಮೋಜಿಯೂ ಇತ್ತು. ನೀನು ಒಳ್ಳೆಯದಕ್ಕೇ ಹೇಳಿದ್ದು, ನನಗೆ ಗೊತ್ತು.

ನಿಮ್ಮ ಅಪ್ಪ ಹಮಾಲಿ ಮಾಡುತ್ತಿದ್ದಾಗ ನಿಮ್ಮ ಅವ್ವ ಮೀನಾಕ್ಷಿ ಮತ್ತು ನಮ್ಮ ಅಮ್ಮಿ ಒಂದೇ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ಅದಕ್ಕೇ ಅಮ್ಮಿ ಒಪ್ಪುವುದಿಲ್ಲ ಅಂದುಕೊಂಡೆ. ‘ಇಲ್ಲ’ ಅಂತ ಟೈಪ್ ಕೂಡ ಮಾಡಿದ್ದೆ. ಅವಳು ಪಕ್ಕದಲ್ಲೇ ಇದ್ದಳು.

“ಬರ್ತಾಳಂತ ಬರಿ. ಹಾರ ಹಾಕಿದಾಕಿ ನಾನ. ಈಗ ಯಾರ ಮ್ಯಾಲೆ ಸಿಟ್ಟಾಗ್ಲಿ?”

ಆಮೇಲೆ ಕೇಳಿದಳು, “ಮೀನಾಗ ಈಗ ಏನಂತ ಕರೀಲಿ? ಅಕ್ಕಾರ ಅನ್ಲೇನು?”

ಅದನ್ನು ನೀನೇ ನಿಮ್ಮ ಅವ್ವನನ್ನು ಕೇಳಿ ಹೇಳು. ಅಮ್ಮಿ ಸೋಮವಾರದ ರೈಲಿಗೆ ಬರುತ್ತಾಳೆ. ಅವಳನ್ನು ಮಾತ್ರ ರೀಲಿನಲ್ಲಿ ಹಾಕಬೇಡ.

ನಿನ್ನ ಚಾನೆಲ್ ದೊಡ್ಡದಾಗಲಿ, ಮನೆಯವರೆಲ್ಲ ಸುಖವಾಗಿರಿ. ದುವಾ ಮಾಡುವಾಗ ನಿನ್ನ ಹೆಸರೂ ಹೇಳುತ್ತೇನೆ.

ಇಂತಿ ನಿನ್ನ
ಮೆಹನಾಜ

ಮರೆತಿದ್ದೆ: ಅಮ್ಮಿ ನನ್ನ ಮುಖ ಮುಟ್ಟುತ್ತಲೇ ಇರಲಿಲ್ಲ, ನೆನಪಿದೆಯಾ? ಎಷ್ಟು ತೊಳೆದರೂ ಕೈಯಲ್ಲಿ ಖಾರ ಉಳಿಯುತ್ತಿತ್ತು. ನಾನು ಅತ್ತರೆ ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಇವತ್ತು ಇದನ್ನು ಬರೆಯುವಾಗ ಬಂದು ಅಂಗೈಯಿಂದಲೇ ನನ್ನ ಕಣ್ಣು ಒರೆಸಿದಳು. ಉರಿಯಲಿಲ್ಲ, ಅಕ್ಕಾ.