ಬೆಳಗಿನ ನಗುಮುಖ

ಬುಧವಾರ ಮಧ್ಯಾಹ್ನ,
ಪುಟ್ಟಿ ಮಲಗಿರುವ ಹೊತ್ತು

ಪ್ರೀತಿಯ ಅಕ್ಕ,

ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಮಾತಾಡೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ. ಮೆಸೇಜು ಕಳಿಸೋಣವೆಂದರೆ ನನ್ನ ಫೋನು ನನಗಿಂತ ಇವರ ಕೈಯಲ್ಲೇ ಹೆಚ್ಚು ಇರುತ್ತದೆ. ಮುಚ್ಚುಮರೆ ಇಲ್ಲದ ಸಂಸಾರ ನಮ್ಮದು ಎಂದು ಜಂಬ ಕೊಚ್ಚಿಕೊಂಡವಳು ನಾನೇ ತಾನೆ, ಅನುಭವಿಸುತ್ತಿದ್ದೇನೆ.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಇವರು ಕ್ಷೇಮ. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಕೆನ್ನೆ ತುಂಬಿಕೊಂಡಿದೆ, ಬೆನ್ನುನೋವು ಹೋಗಿದೆ, ಊಟವಾದ ಮೇಲೆ ಒಂದು ಕೋಳಿನಿದ್ದೆಯೂ ಆಗುತ್ತದೆ. ಕಟ್ಟಡಗಳ ನಕ್ಷೆ ಬರೆಯುವವರಿಗೆ ಸದ್ದಾಗಬಾರದೆಂದು ಬಾಗಿಲಿರುವ ಕೋಣೆ ಇವರದಾಯಿತು. ನನ್ನ ಕಚೇರಿ ಊಟದ ಮೇಜಿನ ಮೂಲೆ. ಜಖಂ ಆದ ಕಾರುಗಳ ವಿಮೆ ಅರ್ಜಿ ನೋಡುತ್ತಲೇ ಹಾಲು ಉಕ್ಕದಂತೆ ಕಾಯುತ್ತೇನೆ, ಪುಟ್ಟಿಯ ಮೂಗು ಒರೆಸುತ್ತೇನೆ. ಇವರು ಮನೆಯಲ್ಲಿದ್ದೂ ಆಫೀಸಿನಲ್ಲಿರುತ್ತಾರೆ. ನಾನು ಆಫೀಸಿನ ಕೆಲಸದಲ್ಲಿದ್ದರೂ ಮನೆಯಲ್ಲೇ ಇರುತ್ತೇನೆ.

ಈಗ ನಿಜ ಹೇಳುತ್ತೇನೆ, ಅಮ್ಮನ ಕಿವಿಗೆ ಹಾಕಬೇಡ. ನನಗೆ ಭಯವಾಗುತ್ತಿದೆ. ಕಂಪ್ಯೂಟರಿನಲ್ಲಿ ಕರೆ ಬಂದ ಸದ್ದಾದರೆ ಎದೆ ಝಲ್ಲೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ. ಹೋದ ವಾರ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ಎಚ್ಚರವಾದಾಗ ಪುಟ್ಟಿ ನನ್ನ ಕೂದಲು ಹಿಡಿದುಕೊಂಡು ಅಳುತ್ತಿದ್ದಳು, ಒಲೆ ಉರಿಯುತ್ತಲೇ ಇತ್ತು. ಮುಚ್ಚಿದ ಬಾಗಿಲಾಚೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಇವರು ಯಾರ ಜೊತೆಗೋ ನಗುತ್ತಿದ್ದರು. ಇನ್ನೊಮ್ಮೆ ನಾನು ಬಿದ್ದಾಗ ಮಗು ಬೆಂಕಿಗೆ ಕೈ ಚಾಚಿದರೆ? ಇವರಿಗೆ ಹೇಳಿದೆ. ನಿದ್ದೆ ಸಾಲದು, ಸ್ವಲ್ಪ ಮಲಗು ಎಂದರು. ಯಾವಾಗ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮ ಕಂಪನಿಯಲ್ಲಿ ಬೆಳಿಗ್ಗೆ ಕಂಪ್ಯೂಟರು ತೆರೆದ ಕೂಡಲೇ ಇಂದು ಹೇಗಿದ್ದೀರಿ ಎಂದು ಕೇಳಿ ಮೂರು ಮುಖ ತೋರಿಸುತ್ತಾರೆ. ನಗುವುದು, ಸುಮ್ಮನಿರುವುದು, ಅಳುವುದು. ಒಂದನ್ನು ಒತ್ತದೆ ಕೆಲಸ ಶುರುವಾಗದು. ಅಳುವ ಮುಖ ಒತ್ತಿದವರಿಗೆ ಕಂಪನಿಯ ಸಲಹೆಗಾರ್ತಿ ಫೋನು ಮಾಡಿ ವಿಚಾರಿಸುತ್ತಾಳಂತೆ. ಅಕ್ಕ, ಆ ಮುಖಗಳನ್ನು ನಾನು ಕಣ್ಣಾರೆ ನೋಡಿ ಎಷ್ಟೋ ಕಾಲವಾಗಿತ್ತು. ಪುಟ್ಟಿಗೆ ತಿನ್ನಿಸುವ ಹೊತ್ತಿಗೆ ಇವರೇ ನನ್ನ ಕಂಪ್ಯೂಟರು ತೆರೆದು ಅಣಿ ಮಾಡಿಡುತ್ತಾರೆ. ಎಂಥ ಗಂಡ ಸಿಕ್ಕಿದನೇ ಎಂದು ನೀನೂ ಹೊಗಳಿದ್ದೆ.

ಮೊನ್ನೆ ಕಂಪನಿಯಿಂದ ಮೇಲ್ ಬಂತು. ನಾನು ಮನೆಯಲ್ಲಿ ಬಹಳ ಸಂತೋಷವಾಗಿದ್ದೇನಂತೆ, ಆದ್ದರಿಂದ ಆಫೀಸಿನಲ್ಲಿರುವ ನನ್ನ ಮೇಜು ತೆಗೆಯುತ್ತಾರಂತೆ. ಮೇಜು ಬೇಕೆಂದರೆ ಈ ಗುರುವಾರ ಸಂಜೆಯೊಳಗೆ ಸಲಹೆಗಾರ್ತಿಗೆ ಕಾರಣ ಹೇಳಬೇಕು. ತಲೆಬುಡ ಅರ್ಥವಾಗದೆ ಇವರನ್ನು ಕೇಳಿದೆ.

"ದಿನಾ ನಗೋ ಮುಖಾನೇ ಒತ್ತಿದೀನಿ ಕಣೇ. ನೀನು ಚೆನ್ನಾಗೇ ಇದೀಯಲ್ಲ?"

ಆ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ನಾನು ಹೆದರಿದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ದಿನವಿಡೀ ಎದುರಿಗಿರುವವರಿಗೇ ನಾನು ಕಾಣುತ್ತಿಲ್ಲವೆಂದರೆ ಇನ್ಯಾರಿಗೆ ಕಾಣಲಿ?

ನಾಳೆ ಇವರು ಏಳುವ ಮೊದಲೇ ನಾನೇ ಒತ್ತುತ್ತೇನೆ. ಸಲಹೆಗಾರ್ತಿಗೆ ಎಲ್ಲವನ್ನೂ ಹೇಳುತ್ತೇನೆ. ಮೇಜು ಉಳಿದರೆ ಪುಟ್ಟಿಯನ್ನು ಶಿಶುವಿಹಾರಕ್ಕೆ ಬಿಟ್ಟು ಆಫೀಸಿಗೆ ಹೋಗುತ್ತೇನೆ. ಅಲ್ಲಿ ಬಿದ್ದರೆ ಎತ್ತುವವರಾದರೂ ಇರುತ್ತಾರೆ, ಮಗು ಒಲೆಯ ಹತ್ತಿರ ಇರುವುದಿಲ್ಲ.

ಇಂತಿ ನಿನ್ನ,
ಹೆದರುಪುಕ್ಕಲಿ ತಂಗಿ

ಗುರುವಾರ ಸೇರಿಸಿದ್ದು: ಅಳುವ ಮುಖ ಒತ್ತಿದೆ. ಸಲಹೆಗಾರ್ತಿ ತಡಮಾಡದೆ ಫೋನು ಮಾಡಿದಳು. ನಾನು ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದೆ. ಅವಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುವಷ್ಟರಲ್ಲಿ ಇವರು ಮಾತು ಮುಗಿಸುತ್ತಿದ್ದರು: "ಏನಿಲ್ಲ ಮೇಡಂ, ಕೈತಪ್ಪಿ ಒತ್ತಿರಬೇಕು. ಅವಳು ಆರಾಮಾಗಿದಾಳೆ. ಮೇಜೇನೂ ಬೇಡ." ಆಮೇಲೆ ನನ್ನ ಕಡೆ ತಿರುಗಿ, ಇನ್ನು ನೀನು ಅದನ್ನು ಮುಟ್ಟಬೇಡ, ದಿನಾ ನಾನೇ ನೋಡಿಕೊಳ್ಳುತ್ತೇನೆ ಎಂದು ಪ್ರೀತಿಯಿಂದ ನಕ್ಕರು. ಅಕ್ಕ, ಈ ಕಾಗದ ತಲುಪಿದ ಮೇಲೆ ಫೋನು ಮಾಡಬೇಡ. ನೀನೇ ಬಾ.