ಗಡ್ಡಿಯ ಸೇತುವೆಯ ಉಡದಾರ

ಮಾನಗಡ್ಡಿಯ ಎದುರಿನ ದಂಡೆ, ಕೃಷ್ಣಾ ನದಿ
ಕ್ರಿ.ಶ. ೨೩೧೪, ಭಾದ್ರಪದ ಮಾಸ

ಮುಂದೊಂದು ದಿನ ಈ ಸೇತುವೆಯನ್ನು ಕಾಯಲಿರುವ ನಿನಗೆ,

ನೀನು ಇನ್ನೂ ಹುಟ್ಟಿಲ್ಲ. ಹೋದ ತಿಂಗಳು ನಾವು ನೆಟ್ಟ ಆಲದ ಸಸಿಗಳ ಬೇರು ಹೊಳೆ ದಾಟಿ ಗಡ್ಡಿ ಮುಟ್ಟಲು ಅರವತ್ತು ವರ್ಷ ಬೇಕು. ಅಷ್ಟರಲ್ಲಿ ನಾನು ಇರುವುದಿಲ್ಲ. ನನ್ನ ಮಾತು ನಿನಗೆ ಹಳತು ಅನ್ನಿಸಿದರೆ ಕ್ಷಮಿಸು. ನಾವು ದಿನಾ ಆಡುವ ಪದಗಳಲ್ಲಿ ಯಾವುವು ನಿನ್ನ ಕಾಲಕ್ಕೆ ಉಳಿದಿರುತ್ತವೋ ತಿಳಿಯದು. ತಿಳಿಯಲಿಕ್ಕಿಲ್ಲ ಅನ್ನಿಸಿದಲ್ಲೆಲ್ಲ ಬಿಡಿಸಿ ಬರೆದಿದ್ದೇನೆ.

ನನ್ನ ಹೆಸರು ಅಮರಮ್ಮ. ಮಾನಗಡ್ಡಿ ಎಂದರೆ ಹೊಳೆಯ ನಡುವಿನ ದ್ವೀಪ, ಮುನ್ನೂರ ನಲವತ್ತು ಜನರ ಊರು. ಹಳೆಯ ಸೇತುವೆಯೂ ಬೆಳೆಸಿದ್ದೇ. ಎರಡೂ ದಂಡೆಯ ಆಲದ ಬೇರುಗಳನ್ನು ಬಂಡೆಯಿಂದ ಬಂಡೆಗೆ ಹಾಯಿಸಿ, ನಡುಹೊಳೆಯಲ್ಲಿ ಒಂದಕ್ಕೊಂದು ಬೆಸೆದಿದ್ದರು. ಆ ಬೆಸುಗೆಗೆ ನಾವು ಹೆಣಿಗೆ ಎನ್ನುತ್ತೇವೆ. ಬೆಳಿಗ್ಗೆ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಆಡಿನ ಹಿಂಡು ಎಲ್ಲ ಅದರ ಮೇಲೆಯೇ. ನನ್ನ ಕೆಲಸಕ್ಕೆ ಇಲ್ಲಿ ಚೂರುಗಾರ್ತಿ ಎಂಬ ಹೆಸರು. ವಾರಕ್ಕೊಮ್ಮೆ ಎಳೆಬೇರಿನ ತುದಿಯಿಂದ ಕೂದಲಷ್ಟು ತೆಳುವಾದ ಚೂರು ಕೊಯ್ದು, ಹೊಳೆಯುವ ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಈ ಕೆಲಸ ಕಲಿಸಿದವರು ಸೇತುವೆಯ ಕಾವಲುಗಾರ ಹುಸೇನಪ್ಪ ಕಾಕಾ. ನಲವತ್ತು ವರ್ಷ ಆ ಬೇರುಗಳನ್ನು ಕೈಯಾರೆ ತಿದ್ದಿ ಬೆಳೆಸಿದವರು.

ಚೂರಿನಲ್ಲಿ ನಾವು ಹುಡುಕುವುದು ಉಡದಾರವನ್ನು. ಬೇರಿನ ಒಂದು ಕೋಶ ಎರಡಾಗುವ ಮೊದಲು, ಅದರೊಳಗಿನ ಅತಿ ಸಣ್ಣ ಎಳೆಗಳೆಲ್ಲ ಗೋಡೆಯ ಒಳಮೈಗೆ ಬಂದು, ಕೂಸಿನ ಸೊಂಟಕ್ಕೆ ಕಟ್ಟಿದ ದಾರದಂತೆ ಸುತ್ತಲೂ ಒಂದು ಪಟ್ಟಿಯಾಗಿ ನಿಲ್ಲುತ್ತವೆ. ಸ್ವಲ್ಪ ಹೊತ್ತಿಗೆ ಆ ಪಟ್ಟಿ ಕರಗಿಹೋಗುತ್ತದೆ. ಆದರೂ ಗುರುತು ಅಳಿಯುವುದಿಲ್ಲ. ಆಮೇಲೆ ಅವೇ ಎಳೆಗಳು ಕೋಶದ ನಡುವಿನಲ್ಲಿ ಮತ್ತೆ ಕೂಡಿ ಹೊಸ ಗೋಡೆ ಎಬ್ಬಿಸುತ್ತವೆ. ಅದು ಅಂಚಿನ ಕಡೆ ಬೆಳೆಯುತ್ತ ಹೋಗಿ, ಉಡದಾರ ಇದ್ದ ಜಾಗಕ್ಕೇ ಸರಿಯಾಗಿ ಮುಟ್ಟುತ್ತದೆ. ಪ್ರಾಣಿಗಳ ಕೋಶದಂತೆ ಗಿಡದ ಕೋಶ ಸರಿದಾಡಿ ತಪ್ಪು ತಿದ್ದಿಕೊಳ್ಳಲಾರದು. ಗೋಡೆ ಎಲ್ಲಿ ಕೂತಿತೋ ಅಲ್ಲೇ. ಸಾವಿರಾರು ಗೋಡೆಗಳು ಅಡ್ಡಾದಿಡ್ಡಿಯಾದರೆ ಬೇರಿಗೆ ನಾರಿನ ನೇರ ಇರುವುದಿಲ್ಲ, ಎಳೆತ ತಡೆಯುವ ಬಲವೂ ಇರುವುದಿಲ್ಲ.

ಮೂರು ವರ್ಷದ ಹಿಂದಿನ ಮಾತು. ಅದರ ಹಿಂದಿನ ಮಳೆಗಾಲದಲ್ಲಿ ತೇಲಿಬಂದ ಮರವೊಂದು ಬಡಿದು ನಡುಹೆಣಿಗೆಯ ಹಳೆಯ ಬೇರುಗಳು ಹರಿದಿದ್ದವು. ಕಾಕಾ ಅಲ್ಲಿ ಹೊಸ ಬೇರು ಹಾಯಿಸಿದ್ದರು. ಆಷಾಢದ ಹೊತ್ತಿಗೆ ಅವು ತೊಡೆಯಷ್ಟು ದಪ್ಪಗಾದವು. ಬೇರು ಮೈ ತುಂಬಿಕೊಂಡಿತು ಎಂದು ಊರಿಗೆಲ್ಲ ಸಂತೋಷ. ಹೊಸ ಬೇರು ನೆಲೆಯೂರುವವರೆಗೆ ಅದನ್ನು ಕೊಯ್ಯುವುದಿಲ್ಲವಾದ್ದರಿಂದ, ಅದರ ಮೊದಲ ಚೂರು ನೋಡುವವರೆಗೆ ನನಗೂ ಸಂತೋಷವೇ ಆಗಿತ್ತು. ಕೋಶಗಳು ಇಟ್ಟಿಗೆಯಂತೆ ಸಾಲಾಗಿರಲಿಲ್ಲ. ಊದಿದ ಬುಗ್ಗೆಗಳಂತೆ ಉರುಟಾಗಿದ್ದವು. ಗೋಡೆಗಳು ಕೆಲವು ಓರೆ, ಕೆಲವು ಅರ್ಧಕ್ಕೇ ನಿಂತಿದ್ದವು. ಇಪ್ಪತ್ತು ಚೂರು ಕೊಯ್ದೆ. ಒಂದರಲ್ಲೂ ಉಡದಾರ ಕಾಣಲಿಲ್ಲ.

ಕಾಕಾ ಒಂದೇ ಒಂದು ಸಲ ನೋಡಿ ತಲೆ ಎತ್ತಿದರು. ಬಣ್ಣ ಹಳೆಯದಿರಬೇಕು ಎಂದರು. ಬಣ್ಣ ಹೊಸದು ಎಂದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಆಗಲೇ ಬಂದಿತ್ತು.

"ಎರಡು ದಿನ ತಡಿ, ಅಮರಾ," ಎಂದರು. "ಈಗ ಸೇತುವಿ ಮುಚ್ಚಿದ್ರ ಗಡ್ಡ್ಯಾಗಿನ ಮಂದಿ ಎಲ್ಲಿಗಿ ಹೋಗಬೇಕು?"

ನಾನು ಕಾದೆ. ಇದನ್ನು ನಿನಗಲ್ಲದೆ ಯಾರಿಗೂ ಬರೆದಿಲ್ಲ. ಆ ಎರಡು ದಿನ ದಂಡೆಯ ಮೇಲೆ ನಿಂತು ಮಕ್ಕಳು ಸಾಲಾಗಿ ದಾಟುವುದನ್ನು ನೋಡಿದೆ. ಪ್ರತಿ ಮಗುವೂ ನಡುಹೆಣಿಗೆ ದಾಟುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ, ಆದರೆ ಬಾಯನ್ನೂ ಬಿಡಲಿಲ್ಲ.

ಸುಮ್ಮನೆ ಕೂರಲಾಗದೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ಎರಡು ಲೋಟ, ಒಂದರಲ್ಲಿ ಹೊಳೆಯ ನೀರು, ಇನ್ನೊಂದರಲ್ಲಿ ನಡುಹೆಣಿಗೆಯ ತೊಗಟೆ ನೆನೆಸಿ ಹಿಂಡಿದ ನೀರು. ಎರಡರ ಮೇಲೂ ಒಂದೊಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಕೂರಿಸಿದೆ. ಮೂರನೆಯ ಬೆಳಿಗ್ಗೆ ಮೊದಲನೆಯದರ ಬೇರು ನೂಲಿನಂತೆ ಇಳಿದಿದ್ದವು. ಎರಡನೆಯದರ ಬೇರು ಗಿಡ್ಡ, ತುದಿಗಳು ಬೆಂಕಿಕಡ್ಡಿಯ ತಲೆಯಂತೆ ಊದಿದ್ದವು. ಲೋಟ ಎರಡನ್ನೂ ಒಯ್ದು ಕಾಕಾರ ಮುಂದೆ ಇಟ್ಟೆ.

ಅವರು ಲೋಟಗಳನ್ನು ಹತ್ತಿರ ಎಳೆದುಕೊಂಡರು. ಊದಿದ ಒಂದು ಬೇರನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರು. ಅದು ಪಿಚಕ್ಕನೆ ಒಡೆಯಿತು.

"ಎಣ್ಣಿ ಹೊಡದಾವ ನಾನು," ಎಂದರು. "ಹುಲ್ಲು ಎಳೀಬೇರು ಮುಚ್ಚಾಕತ್ತಿತ್ತು. ಹಳೀ ಗೋದಾಮಿನ್ಯಾಗ ಡಬ್ಬಿ ಸಿಕ್ತು, ಹೊಡದೆ."

ಎಣ್ಣಿ ಎಂದರೆ ಕಳೆ ಕೊಲ್ಲುವ ಔಷಧಿ. ಹಿಂದಿನವರು ಆ ಗೋದಾಮಿನ ನೆಲದಡಿ ಹೂತಿಟ್ಟು ಮರೆತ ಡಬ್ಬಿಗಳು. ಅದು ಹುಲ್ಲನ್ನು ಕೊಲ್ಲುವುದೇ ಕೋಶದೊಳಗಿನ ಆ ಎಳೆಗಳನ್ನು ಬಿಚ್ಚಿಹಾಕಿ. ಹುಲ್ಲಿನ ಎಳೆಗೂ ಆಲದ ಎಳೆಗೂ ಅದು ಭೇದ ಮಾಡಲಿಲ್ಲ.

ಅವತ್ತೇ ಕಾಕಾ ಸೇತುವೆಯ ಎರಡೂ ಬಾಯಿಗೆ ಹಗ್ಗ ಕಟ್ಟಿಸಿದರು. ಊರ ಹಿರಿಯಳಾದ ಬಸಲಿಂಗಮ್ಮ ಒಪ್ಪಿದ್ದು ಅವರ ಮೇಲಿನ ಗೌರವಕ್ಕೆ, ನನ್ನ ಚೂರು ನೋಡಿ ಅಲ್ಲ. ಹೊಳೆ ಏರಿದರೆ ಗಡ್ಡಿಯಲ್ಲಿ ಸಿಕ್ಕಿಬೀಳದಂತೆ ಆರು ಹರಗೋಲುಗಳಲ್ಲಿ ಒಂದೂವರೆ ದಿನ ಜನರನ್ನೂ ಆಡುಗಳನ್ನೂ ದಾಟಿಸಿದೆವು. ಕಡೆಯ ಹರಗೋಲು ದಂಡೆ ಮುಟ್ಟುವಾಗ ಹೊಳೆ ಕೆಂಪಗೆ ಏರತೊಡಗಿತ್ತು. ನೀರು ಸೇತುವೆಯ ಹೊಟ್ಟೆ ಮುಟ್ಟಿತು, ಮೈಮೇಲೆ ಹರಿಯಿತು, ಎಂಟು ದಿನ ಹಾಗೆಯೇ ಇತ್ತು. ಆಮೇಲೆ ಇಳಿಯಿತು. ಸೇತುವೆ ನಿಂತೇ ಇತ್ತು.

ಕಾಯುವ ಆ ದಿನಗಳು ನನಗೆ ಪ್ರವಾಹಕ್ಕಿಂತ ಕಷ್ಟವಾದವು. ಶಾಲೆಯ ಜಗುಲಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಬಿತ್ತನೆಯ ಬೀಜ ಗಡ್ಡಿಯಲ್ಲಿ ಮೊಳೆತು ಹಾಳಾಗುತ್ತಿತ್ತು. ನಾನು ಮತ್ತೆ ಚೂರು ಕೊಯ್ದು ನೋಡಿದೆ. ನನಗೇ ನನ್ನ ಕಣ್ಣಿನ ಮೇಲೆ ಅನುಮಾನ ಬಂದಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಬಸಲಿಂಗಮ್ಮ ಹತ್ತಿಪ್ಪತ್ತು ಜನರೊಂದಿಗೆ ಬಂದರು. ಕಾಕಾ ಹಗ್ಗಕ್ಕೆ ಬೆನ್ನು ಕೊಟ್ಟು ಕೂತಿದ್ದರು.

"ಹೊಳಿ ಇಳೀತು, ಸೇತುವಿ ನಿಂತೈತಿ," ಎಂದರು ಬಸಲಿಂಗಮ್ಮ. "ಇನ್ನ ಹಗ್ಗ ಯಾಕ್ರಿ, ಹುಸೇನಪ್ಪ?"

"ತಪ್ಪು ನಂದು," ಎಂದರು ಕಾಕಾ. "ಆ ಹುಡುಗಿ ಖರೇ ಹೇಳ್ಯಾಳ. ನನ್ನ ದಾಟಿ ಹೋಗಬ್ಯಾಡ್ರಿ."

ಇಬ್ಬರು ಗಂಡಸರು ಅವರ ತೋಳು ಹಿಡಿದು ಪಕ್ಕಕ್ಕೆ ಎಬ್ಬಿಸಿದರು. ಒಬ್ಬ ಹಗ್ಗದ ಗಂಟಿಗೆ ಕೈ ಹಾಕಿದ. ನಾನು ಅವನ ಕೈಮೇಲೆ ನನ್ನ ಎರಡೂ ಕೈ ಇಟ್ಟು ಹಿಡಿದೆ, ಅವನು ಬಿಡಿಸಿಕೊಳ್ಳುತ್ತಿದ್ದ. ಆಗ ನಡುಹೊಳೆಯಿಂದ ಒದ್ದೆ ಗೋಣಿಚೀಲ ಹರಿದಂಥ ಸದ್ದು ಬಂತು. ಗಾಳಿ ಇರಲಿಲ್ಲ, ಸೇತುವೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ನೀರು ಇದ್ದಷ್ಟು ದಿನ ನೀರೇ ಅದನ್ನು ಹೊತ್ತಿತ್ತು. ನೀರು ಇಳಿದ ಮೇಲೆ, ನೆಂದು ಭಾರವಾದ ತನ್ನ ಮೈಯನ್ನು ತಾನೇ ಹೊರಲಾರದೆ ನಡುಹೆಣಿಗೆ ಬಿಚ್ಚಿಕೊಂಡಿತು. ಎರಡು ತುಂಡೂ ನಿಧಾನಕ್ಕೆ ನೀರಿಗೆ ಇಳಿದವು. ನನ್ನ ಕೈಕೆಳಗಿನ ಆ ಕೈ ಗಂಟನ್ನು ಬಿಟ್ಟಿತು.

ಕಾಕಾ ಮರುವರ್ಷ ತೀರಿಕೊಂಡರು. ಊರು ಅವರನ್ನು ಬೈಯಲಿಲ್ಲ, ಅದೇ ಅವರಿಗೆ ತಾಳಲಾಗಲಿಲ್ಲ. ಉಳಿದ ಡಬ್ಬಿಗಳನ್ನು ಅಗೆದು ತೆಗೆದು ಕಲ್ಲಿನ ಕೋಣೆಯಲ್ಲಿ ಮುಚ್ಚಿದ್ದೇವೆ. ಜಾಗದ ನಕ್ಷೆಯನ್ನು ಈ ಕಾಗದದ ಹಿಂದೆ ಬರೆದಿದ್ದೇನೆ.

ನಿನ್ನಲ್ಲಿ ನನ್ನದೊಂದೇ ಕೋರಿಕೆ. ಬೇರು ದಪ್ಪಗಾಯಿತೆಂದು ಊರು ಹಿಗ್ಗಿದ ದಿನ ನೀನು ಚೂರು ಕೊಯ್ದು ನೋಡು. ಉಡದಾರ ಕಾಣದಿದ್ದರೆ ಅವತ್ತೇ ಹೇಳು, ಕಲಿಸಿದವರೇ ತಡಿ ಎಂದರೂ ಹೇಳು. ನೀನು ಹೇಳಿದ್ದು ಸುಳ್ಳಾದರೆ ಊರು ನಾಲ್ಕು ದಿನ ನಗುತ್ತದೆ, ಅಷ್ಟೇ. ನಾನು ಸುಮ್ಮನಿದ್ದ ಆ ಎರಡು ದಿನದಲ್ಲಿ ದಾಟಿದ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ. ಎದುರು ಸಿಕ್ಕಾಗ ನಗುತ್ತಾರೆ. ನಾನು ಅವರ ಕಣ್ಣು ನೋಡಿ ಮಾತಾಡಲಾರೆ.

ಇಂತಿ,
ಅಮರಮ್ಮ